ಹೊರಗೆ ನಿಂತ ಐದನೆಯವನು

ನನ್ನ ಸೋದರಮಾವ ಬೀಗ ರಿಪೇರಿಯವನು. ಬಸ್ ನಿಲ್ದಾಣದ ಗೋಡೆಗೆ ಒರಗಿದ ಗೂಡಂಗಡಿ, ನಾಲ್ಕಾರು ಅರ, ತಂತಿಗೆ ಪೋಣಿಸಿದ ನೂರಾರು ಕೀಲಿ. ಮಾತು ಮಾತ್ರ ಬೆರಳೆಣಿಕೆ. "ಊರ ಬೀಗವೆಲ್ಲ ತೆಗೀತಾರೆ, ಬಾಯಿ ಬೀಗ ತೆಗೆಯಲ್ಲ," ಎಂದು ಅತ್ತೆ ಛೇಡಿಸುತ್ತಿದ್ದಳು.

ಇಂಥವನು, ಅಂಗಡಿ ಮುಂದೆ ಹರಟೆ ಹೊಡೆಯುತ್ತಿದ್ದ ನಾಲ್ವರ ಜೊತೆ ಬಟ್ಟೆ ಗೋದಾಮು ದೋಚಲು ಹೋದನಂತೆ! ರಜೆಯ ಮಧ್ಯಾಹ್ನ. ಇವನು ಹಿಂಬಾಗಿಲ ಬೀಗ ತೆಗೆದುಕೊಟ್ಟು ಓಣಿಯಲ್ಲೇ ನಿಂತ. ಒಳಗಿದ್ದ ಕಾವಲುಗಾರನಿಗೆ ನಾಲ್ವರಲ್ಲೊಬ್ಬ ಕಬ್ಬಿಣದ ಸರಳಿನಿಂದ ಹೊಡೆದ, ಆತ ಸತ್ತ. ಐವರಿಗೂ ಒಂದೇ ಶಿಕ್ಷೆ, ಜೀವಾವಧಿ.

ಒಂದು ವಿಷಯ ಅರ್ಥವಾಗದಿದ್ದರೆ ನನಗೆ ಊಟ ಸೇರದು. ವಕೀಲರನ್ನು ಪೀಡಿಸಿದೆ.

"ಸಾರ್, ಹೊಡೆದವನು ಒಬ್ಬ. ಐದು ಜನ ಹೇಗೆ ಕೊಲೆಗಾರರಾದ್ರು?"

"ಐದು ಜನ ಸೇರಿ ದರೋಡೆಗೆ ಹೋಗಿ, ಅದರಲ್ಲಿ ಒಬ್ಬ ಕೊಂದ್ರೂ ಐವರೂ ಹೊಣೆ ಕಣಮ್ಮ."

"ಹೊರಗೆ ನಿಂತವನೂನಾ?"

"ಬಾಗಿಲು ತೆಗೆದುಕೊಟ್ಟೋನು ಅವನೇ ತಾನೇ? ಆದ್ರೂ ಒಳಗಿನದು ಗೊತ್ತೇ ಇರಲಿಲ್ಲ ಅಂತ ಅಪೀಲು ಹಾಕಿ ನೋಡೋಣ."

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂದುಕೊಳ್ಳುತ್ತಲೇ ಅಪೀಲು ಬರೆಸಿದೆ. ಮಾವ ಮನೆಗೆ ಬರಲು ಉಳಿದಿದ್ದುದು ಇದೊಂದೇ ದಾರಿ. ಸಹಿಗಾಗಿ ಜೈಲಿಗೆ ಒಯ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಅಲ್ಲೂ ಕೆದಕಿದೆ.

"ಮಾವ, ಅಷ್ಟು ಹೊತ್ತು ಓಣೀಲಿ ಏನು ಮಾಡ್ತಿದ್ದೆ?"

"ಬೀಗ ಹಾಕಿ ನೋಡ್ದೆ."

"ತೆಗೆದ ಬೀಗಾನಾ?"

"ತೆಗೆದ ಮೇಲೆ ಒಂದ್ಸಲ ಹಾಕಿ ನೋಡ್ಲೇಬೇಕು ಕಣೇ, ಸರಿಯಾಗಿ ಕೂರುತ್ತಾ ಅಂತ. ಇಪ್ಪತ್ತೈದು ವರ್ಷದ ರೂಢಿ. ಕೈ ತಾನಾಗೇ ಹಾಕಿಬಿಡ್ತು."

ನಗು ಬಂತು. ಕಳ್ಳತನದಲ್ಲೂ ಕಸುಬಿನ ನಿಯತ್ತು!

"ಮತ್ತೆ ತೆಗೆಯೋಷ್ಟರಲ್ಲಿ ಒಳಗಿಂದ ಬಡಿದ. 'ಯಾರಾದ್ರೂ ಇದ್ದೀರಾ, ಬಾಗಿಲು ತೆಗೀರಣ್ಣಾ' ಅಂದ."

"ಯಾರು? ಕಾವಲುಗಾರನಾ?"

"ಹೂಂ. ಬೀಗ ತೆಗೆಯೋ ತಂತಿ ಇನ್ನೂ ಬೀಗದೊಳಗೇ ಇತ್ತು. ಒಂದು ತಿರುವು ಸಾಕಿತ್ತು."

"ಯಾಕೆ ತೆಗೀಲಿಲ್ಲ ಮಾವ?"

ಅವನು ತಲೆ ಎತ್ತಿ ನನ್ನನ್ನೇ ನೋಡಿದ.

"ತೆಗೆದಿದ್ರೆ ನನ್ನ ಮುಖ ನೋಡಿಬಿಡ್ತಿದ್ದ."

ಸಿಟ್ಟು, ಕನಿಕರ ಎರಡೂ ಒಟ್ಟಿಗೇ ಉಕ್ಕಿದವು. ಅಪೀಲಿನ ಮೊದಲ ಸಾಲಿನಲ್ಲೇ, ಒಳಗೆ ನಡೆದದ್ದು ಮಾವನ ಕಿವಿಗೆ ಬಿದ್ದೇ ಇರಲಿಲ್ಲ ಎಂದು ನಾನೇ ಬರೆಸಿದ್ದೆ. ಪೆನ್ನು ನನ್ನ ಕೈಯಲ್ಲಿತ್ತು. ನಾನು ಕೊಡಲಿಲ್ಲ, ಮಾವ ಕೇಳಲಿಲ್ಲ.