ಗಡಿಯ ಮೇಲಿನ ಕಲ್ಲು

ಊರಿನ ಹೆಸರು ಹೇಳುವುದಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವುದನ್ನು ಅಂದುಕೊಂಡರೂ ನನ್ನ ತಕರಾರಿಲ್ಲ. ನಮ್ಮ ಮನೆಯ ಮುಂದೆ ಒಂದು ಚರಂಡಿ ಇದೆ. ಈಚೆ ದಂಡೆ ಪುರಸಭೆಗೆ ಸೇರಿದ್ದು, ಆಚೆ ದಂಡೆ ಗ್ರಾಮ ಪಂಚಾಯಿತಿಗೆ. ಈಚೆಯವರು ತಮ್ಮ ಕಸವನ್ನು ಆಚೆ ಎಸೆಯುತ್ತಾರೆ. ಸಂಜೆ ಯಾರೋ ಅದಕ್ಕೆ ಬೆಂಕಿ ಇಡುತ್ತಾರೆ. ಪ್ಲಾಸ್ಟಿಕ್ಕಿನ ಹೊಗೆ ನೇರವಾಗಿ ನಮ್ಮ ಪಡಸಾಲೆಗೆ ನುಗ್ಗುತ್ತದೆ. ಅಲ್ಲಿ ಮಲಗುತ್ತಿದ್ದವಳು ನನ್ನ ಅವ್ವ. ಅವಳಿಗೆ ದಮ್ಮು.

ಹೊಗೆಯಿಂದ ದೂರ ಇಡಿ ಎಂದು ಡಾಕ್ಟರು ಹೇಳಿದ ಮೇಲೆ ನಾನು ಕಚೇರಿಗಳಿಗೆ ಅಲೆಯತೊಡಗಿದೆ. ಪುರಸಭೆಯವರು ಜಾಗ ನಮ್ಮದಲ್ಲ ಅಂದರು. ಪಂಚಾಯಿತಿಯವರು ಕಸ ನಮ್ಮದಲ್ಲ ಅಂದರು. ಎರಡೂ ನಿಜ, ನನ್ನ ಹೊಟ್ಟೆ ಉರಿಸಿದ್ದೇ ಅದು. ಜಿಲ್ಲಾ ಕಚೇರಿಗೆ ಹೋದರೆ, ಇಬ್ಬರಿಗೂ ಜಂಟಿಯಾಗಿ ಕ್ರಮ ಕೈಗೊಳ್ಳಲು ಸೂಚಿಸಿದ್ದೇವೆ ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು. ಜಂಟಿ ಎಂಬ ಮಾತು ಕಿವಿಗೆ ಬಿದ್ದಾಗಲೇ ನಾನು ಆಸೆ ಬಿಡಬೇಕಿತ್ತು.

ಅವ್ವ ಬಿಡಲಿಲ್ಲ. ಗೋಡೆಗೆ ಯಾರೂ ಉಚ್ಚೆ ಹೊಯ್ಯದಿರಲೆಂದು ದೇವರ ಚಿತ್ರದ ಟೈಲ್ಸ್ ಹಚ್ಚುತ್ತಾರಲ್ಲ, ಅದೇ ಉಪಾಯ ಅವಳದು. ಒಂದು ಮುಂಜಾನೆ ನನ್ನಿಂದ ಕಸ ಬೀಳುವ ಆ ಜಾಗ ಸ್ವಚ್ಛ ಮಾಡಿಸಿ, ಒಂದು ದುಂಡು ಕಲ್ಲು ನಿಲ್ಲಿಸಿ, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದಳು. "ಇನ್ನ ಯಾರ್ ಕಸಾ ಹಾಕ್ತಾರ ನೋಡೂಣು," ಅಂದಳು.

ಯಾರೂ ಹಾಕಲಿಲ್ಲ. ಕೆಲವು ವಾರ ಅವ್ವ ಕಿಟಕಿ ತೆರೆದು ಮಲಗಿದಳು. ಎರಡೆರಡು ಸರ್ಕಾರ ಮಾಡದ್ದನ್ನು ಒಂದು ಕಲ್ಲು ಮಾಡಿತೆಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನಾವು ಮರೆತದ್ದು ಒಂದೇ. ಒಡೆದ ದೇವರ ಫೋಟೋವನ್ನು ನಮ್ಮ ಜನ ಕಸದ ಗಾಡಿಗೆ ಹಾಕುವುದಿಲ್ಲ, ದೇವರಿರುವ ಕಡೆ ಬಿಟ್ಟು ಬರುತ್ತಾರೆ. ಮೊದಲು ಗಾಜು ಬಿರಿದ ಲಕ್ಷ್ಮಿ ಬಂದಳು. ಆಮೇಲೆ ಹಳೆಯ ಕ್ಯಾಲೆಂಡರು, ಕೈ ಮುರಿದ ಗಣಪ, ಬಾಡಿದ ಹಾರ, ಹಾರ ತಂದ ಪ್ಲಾಸ್ಟಿಕ್ ಚೀಲ. ಚೀಲದ ಹಿಂದೆ ಊರಿನ ಉಳಿದ ಕಸವೆಲ್ಲ ಬಂತು, ಅದರ ಹಿಂದೆ ಬೆಂಕಿಯೂ ಬಂತು.

ನಾನು ಮತ್ತೆ ಓಡಾಡಿದೆ. ಆಶ್ಚರ್ಯವೆಂದರೆ, ಈ ಸಲ ಪುರಸಭೆಯ ಸಾಹೇಬರು, ಪಂಚಾಯಿತಿಯ ಸಾಹೇಬರು ಇಬ್ಬರೂ ಕೂಡಿಯೇ ಬಂದರು. ಚಪ್ಪಲಿ ಬಿಟ್ಟು ಕಲ್ಲಿಗೆ ಕೈಮುಗಿದರು. ಆಮೇಲೆ ಪಂಚಾಯಿತಿಯವರು ನನ್ನನ್ನು ಪಕ್ಕಕ್ಕೆ ಕರೆದರು.

"ದೇವ್ರ ಜಾಗಾ ಐತ್ರಿ ಇದು. ನಾವು ಮುಟ್ಟಿದ್ರ ಊರಾಗ ಗಲಾಟಿ ಆಗ್ತೈತಿ. ಇಟ್ಟವ್ರು ನೀವು, ನೀವ ತಗೀರಿ."

ಪುರಸಭೆಯವರು ಹೌದೆಂದು ತಲೆಯಾಡಿಸಿದರು. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ್ದು ಇದೊಂದೇ ಮಾತು.

ಕಲ್ಲು ಕಿತ್ತುಬಿಡೋಣ ಎಂದು ಅವ್ವನಿಗೆ ಹೇಳಿದೆ.

"ಮಂದಿ ಅದಕ್ಕ ಹರಕಿ ಹೊತ್ತಾರ. ಈಗ ಅದು ಕಲ್ಲಲ್ಲಪಾ," ಅಂದಳು.

ಬೆಂಕಿ ಇಡುವವರಿಗೂ ಭಕ್ತಿ ಇದೆ. ಕಲ್ಲಿಗೆ ಬಿಸಿ ತಾಗದಂತೆ ಸುತ್ತ ಜಾಗ ಬಿಟ್ಟು ಹಚ್ಚುತ್ತಾರೆ. ಪಡಸಾಲೆಯ ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿ, ಅವ್ವನನ್ನು ಒಳಮನೆಯಲ್ಲಿ ಮಲಗಿಸುತ್ತಿದ್ದೇನೆ. ನನಗೆ ಇನ್ನೇನೂ ತೋಚುವುದಿಲ್ಲ. ಸಂಜೆ ಹೊಗೆ ಶುರುವಾದಾಗ ಅವಳು ಎದ್ದು ಕುಳಿತು, ಕಲ್ಲಿರುವ ದಿಕ್ಕಿಗೆ ಮುಖ ಮಾಡಿ ಕೈಮುಗಿಯುತ್ತಾಳೆ. ಏನೋ ಬೇಡಿಕೊಳ್ಳತೊಡಗುತ್ತಾಳೆ. ಅದು ಮುಗಿಯುವ ಮುಂಚೆಯೇ ಕೆಮ್ಮು ಬರುತ್ತದೆ.