ಲಾಭ ಅಂದ ಮಾಸ್ತರ

ನನಗಾಗ ಮೂವತ್ತೈದು. ಅದಾಗಿ ಮೂವತ್ತು ವರ್ಷದ ಮೇಲಾಯಿತು. ದಿಗ್ಗೇವಾಡಿಯಲ್ಲಿ ಜನಗಣತಿ ಬರೆಯಲು ಬಂದ ಮಾಸ್ತರ ಹೊಲದಲ್ಲಿದ್ದ ಕುರಿಹಟ್ಟಿಗಳನ್ನೂ ಬಿಡದೆ ತಿರುಗಿದ. ಪೆನ್ನಿನ ತುದಿ ಕಚ್ಚುತ್ತ, "ಒಬ್ಬರನ್ನೂ ಬಿಡಬಾರದ್ರಿ" ಅನ್ನುತ್ತಿದ್ದ.

ನನ್ನ ಅತ್ತೆ, "ಮೊಮ್ಮಕ್ಕಳು ಎರಡ, ಗಂಡು. ಬರಕೊಂಡು ನಡಿ," ಅಂದಳು. ನನ್ನ ಕುಂಟ ಮಗಳು ಜೋಳದ ಚೀಲದ ಹಿಂದೆ ಕೂತಿದ್ದಳು. ನಾನೂ ಒಲೆಯ ಕಡೆ ಮುಖ ತಿರುಗಿಸಿದೆ.

"ಅಲ್ಲಿ ಕುಂತಾಕಿ ಯಾರ್ರಿ?"

"ಅದು ಲೆಕ್ಕಕ್ಕಿಲ್ಲೋ ಮಾಸ್ತರ."

ಕಣದಲ್ಲಿ ರಾಶಿ ಅಳೆಯುವಾಗ ನಾವು ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಮಾಸ್ತರ ಒಳಗೆ ಬಂದು ಮಗಳ ತಲೆ ಮುಟ್ಟಿ "ಲಾಭ" ಅಂದ. ಆಮೇಲೆ ಹುಡುಗರನ್ನು ನೋಡಿ, "ಎರಡು, ಮೂರು." ಲಾಭವನ್ನು ಅಳಿಸು ಅನ್ನಲು ಅತ್ತೆಗೆ ನಾಲಿಗೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಹೋಗಿ ಅವನ ಶಾಲೆಯಲ್ಲಿ ಹೆಸರು ಹಚ್ಚಿಸಿದೆ.