ಅಡಿಯ ನೀರಿನ ಉಪ್ಪು

ಹಟ್ಟಿಕೇರಿಯ ನಾಗಿಯ ಬಗ್ಗೆ ಬರೆಯುವ ಮುಂಚೆ ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಸಮುದ್ರದಿಂದ ಮೋಡ, ಮೋಡದಿಂದ ಗುಡ್ಡ, ಗುಡ್ಡದಿಂದ ಹೊಳೆ, ಹೊಳೆಯಿಂದ ಮತ್ತೆ ಸಮುದ್ರ ಎಂದು ಬೋರ್ಡಿನ ಮೇಲೆ ಬಾಣ ಎಳೆದು ಎಳೆದು ಸೀಮೆಸುಣ್ಣ ಸವೆಸಿದವಳು. ಬೋರ್ಡಿನ ಮೇಲೆ ಒಂದು ಬಾಣ ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದಿಲ್ಲ. ಅದೇ ತೊಂದರೆ.

ನಾಗಿಗೆ ಅರವತ್ತರ ಹತ್ತಿರ. ಊರಿನ ಗಜನಿಯ ಗೇಟು ನೋಡಿಕೊಳ್ಳುವುದು ಅವಳ ಕೆಲಸ. ಗಜನಿಯೆಂದರೆ ಹೊಳೆಯ ಬದಿಯ ಉಪ್ಪುನೀರಿನ ಗದ್ದೆ. ಬೇಸಿಗೆಯಲ್ಲಿ ಗೇಟು ತೆರೆದು ಸಮುದ್ರದ ನೀರು ಒಳಗೆ ಬಿಟ್ಟರೆ ಸಿಗಡಿ ಬೆಳೆಯುತ್ತದೆ. ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಗೇಟು ಮುಚ್ಚಿ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಕೊಯ್ಲಿನಲ್ಲಿ ತೆನೆ ಮಾತ್ರ ಮನೆಗೆ. ದಂಟು ಅಲ್ಲೇ ಕೊಳೆತು ಸಿಗಡಿಯ ಹೊಟ್ಟೆಗೆ. ಸಿಗಡಿ ತಿನ್ನಲು ಬರುವ ಹಕ್ಕಿಗಳ ಹಿಕ್ಕೆ ಮತ್ತೆ ಕೆಸರಿಗೆ. ಗುಡ್ಡದ ಕೊಳೆತ ಎಲೆಯನ್ನು ಮಳೆಯೇ ತಂದು ಹಾಕುತ್ತದೆ. ಆ ಗದ್ದೆಗೆ ಇವತ್ತಿನವರೆಗೆ ಒಂದು ಚೀಲ ಗೊಬ್ಬರ ಇಳಿದಿಲ್ಲ.

ಎರಡು ವರ್ಷ ಬೆಳೆ ಕೈಕೊಟ್ಟಾಗ ಉಳಿದವರು ಬೀಜದ ಭತ್ತವನ್ನೂ ಕುಟ್ಟಿ ಉಂಡುಬಿಟ್ಟಿದ್ದರು. ಕಗ್ಗದ ಬೀಜ ಉಳಿದದ್ದು ನಾಗಿಯ ಮನೆಯಲ್ಲಿ ಮಾತ್ರ. ಪೇಟೆಯಲ್ಲಿ ಸಿಗುವ ಯಾವ ಬೀಜವೂ ಈ ಉಪ್ಪಿನ ನೆಲದಲ್ಲಿ ನಿಲ್ಲುವುದಿಲ್ಲ. ಈ ಸಲ ಅವಳು ಹದಿನಾಲ್ಕು ಮನೆಗೂ ಹಂಚಿ, ತನಗೆಂದು ಒಂದು ಹಿಡಿಯನ್ನೂ ಇಟ್ಟುಕೊಳ್ಳದೆ ಬಿತ್ತಿಸಿದಳು. ಸ್ವಲ್ಪ ಎತ್ತಿಡಬಾರದಿತ್ತೇ ಎಂದು ನಾನು ಬೈದೆ.

"ಅರ್ಧ ಗಜನಿ ಖಾಲಿ ಬಿಟ್ರೆ ಹಕ್ಕಿ ಎಲ್ಲಾ ನಮ್ಮರ್ಧಕ್ಕೇ ಬೀಳ್ತವೆ ಅಕ್ಕೋರೆ" ಎಂದಳು.

ಮೊಳಕೆ ಎರಡು ಬೆರಳೆತ್ತರ ಬಂದಿತ್ತು, ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಶಾಲೆಗೆ ರಜೆ. ಜೊತೆಗೆ ಅಮಾವಾಸ್ಯೆಯ ಭರತ, ಸಮುದ್ರ ಉಬ್ಬಿ ಹೊಳೆಯೊಳಗೆ ನುಗ್ಗುವ ದಿನ. ಗುಡ್ಡದ ನೀರು ಗಜನಿಗೆ ಸುರಿಯುತ್ತಲೇ ಇತ್ತು, ಗೇಟು ಮುಚ್ಚಿದ್ದರಿಂದ ಹೊರಗೆ ಹೋಗಲು ದಾರಿ ಇರಲಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಗಜನಿಯ ಕಟ್ಟೆಯ ಮೇಲೆ ಹೋದಾಗ ನಾಗಿ ಗೇಟಿನ ಹ್ಯಾಂಡಲನ್ನು ಕಳಚಿ ಮಡಿಲಲ್ಲಿಟ್ಟುಕೊಂಡು, ಕಂಬಳಿಕೊಪ್ಪೆ ಹೊದ್ದು ಕೂತಿದ್ದಳು. ಎದುರಿಗೆ ಅವಳ ಮೈದುನನ ಮಗ ಭಾಸ್ಕರ, ಬಾಳೆಗುಳಿಯ ಗ್ಯಾರೇಜಿಗೆ ಹೋಗದೆ ಓಡಿ ಬಂದಿದ್ದ.

"ದೊಡ್ಡವ್ವ, ಹ್ಯಾಂಡಲ್ ಕೊಡು. ಭರತ ಇಳಿಯೂಕೆ ಶುರುವಾಗಿ ಒಂದು ತಾಸಾಯ್ತು, ಮೊಬೈಲಲ್ಲಿ ಅದೆ. ಹೊರಗಿನ ನೀರು ಒಳಗಿಂದಕ್ಕಿಂತ ಒಂದು ಬೆರಳು ಕೆಳಗೆ ಅದೆ, ನೋಡು."

"ನೋಡ್ದೆ."

"ನಿಮ್ಮನೆ ಹಿಂದಿನ ಗೋಡೆ ಮೊಳಕಾಲುದ್ದ ನೆನೆದದೆ. ಮಣ್ಣಿನ ಗೋಡೆ. ಎಷ್ಟೊತ್ತು ತಡೀತದೆ?"

ಭಾಸ್ಕರ ಕೆಟ್ಟವನಲ್ಲ. ಅವನದು ಸಿಮೆಂಟಿನ ಮನೆ, ಎತ್ತರದಲ್ಲಿದೆ. ಅವನು ಅಂಗಲಾಚುತ್ತಿದ್ದದ್ದು ಗಜನಿಯ ಅಂಚಿನಲ್ಲಿದ್ದ ನಾಗಿಯ ಮನೆಗಾಗಿಯೇ. ಆಗ ನಾನು ನನ್ನ ಪಾಂಡಿತ್ಯ ತೋರಿಸಿದೆ. ಹೊರಗಿನ ನೀರಿಗೆ ಕೈ ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಸಿಹಿನೀರು.

"ನಾಗಿ, ಉಪ್ಪೇ ಇಲ್ಲ. ತೆಗೀಬಹುದು" ಎಂದೆ.

ಮಗ್ಗಿ ತಪ್ಪಿದ ಮಗುವನ್ನು ನಾನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ಕಲ್ಲು ಕಟ್ಟಿದ ಬಾಟಲಿಯೊಂದರ ಬಾಯಿಗೆ ತೆಂಗಿನ ನಾರು ತುರುಕಿ, ಗೇಟಿನ ಹೊರಬದಿಯ ಬುಡಕ್ಕೆ ಇಳಿಸಿ, ದಾರ ಎಳೆದು ನಾರನ್ನು ಕಿತ್ತಳು. ತುಂಬಿದ ಬಾಟಲಿಯನ್ನು ಮೇಲೆತ್ತಿ ನನ್ನ ಕೈಗೆ ಕೊಟ್ಟಳು. ಒಂದು ಗುಟುಕು ಬಾಯಿಗೆ ಹಾಕಿದವಳು ಉಗಿದೆ.

"ಮಳೆ ನೀರು ಹಗುರ, ಮೇಲೆ ತೇಲ್ತದೆ. ಸಮುದ್ರ ಅಡೀಲಿ ಕೂತದೆ. ಮೊದ್ಲಿನ ಮರದ ಹಲಗೆ ಇದ್ದಿದ್ರೆ ಮೇಲಿಂದು ಒಂದು ತೆಗೀತಿದ್ದೆ. ಈ ಕಬ್ಬಿಣದ ಬಾಗ್ಲು ಏಳುದು ಅಡಿಯಿಂದ. ಮೊದ್ಲು ಒಳಗೆ ಬರುದು ಯಾವ್ದು ಹೇಳಿ ಅಕ್ಕೋರೆ."

ಸಾಂದ್ರತೆಯ ಪಾಠಕ್ಕೆ ಪ್ರತಿವರ್ಷ ಐದು ಅಂಕ ಇಡುವವಳು ನಾನೇ. ಕಗ್ಗದ ಮೊಳಕೆ ಸಿಹಿನೀರಿನಲ್ಲಿ ನಾಲ್ಕು ದಿನ ಮುಳುಗಿದ್ದರೂ ಬದುಕುತ್ತದೆ. ಬೆಳೆದ ಕಗ್ಗ ಉಪ್ಪು ತಡೆಯುತ್ತದೆ, ಆದರೆ ಆ ವಯಸ್ಸಿನಲ್ಲಿ ಉಪ್ಪು ತಾಗಿದರೆ ಸತ್ತೇಹೋಗುತ್ತದೆ, ಆಮೇಲೆ ಬಿತ್ತಲು ಊರಲ್ಲಿ ಒಂದು ಕಾಳಿಲ್ಲ.

ಹತ್ತು ಹತ್ತು ನಿಮಿಷಕ್ಕೆ ಬಾಟಲಿ ಇಳಿಸಿದೆವು. ಉಪ್ಪು. ಮತ್ತೆ ಉಪ್ಪು. ಹನ್ನೆರಡೂವರೆಗೆ ಅವಳ ಗಂಡ ಜಟ್ಟು ಕಟ್ಟೆಯ ಮೇಲೆ ಜಾರುತ್ತ ಬಂದ.

"ಗೋಡೆ ಬಿರುಕು ಬಿಟ್ಟದೆ. ಏಳೇ."

"ಪಾತ್ರೆ ಬಟ್ಟೆ ಹೊರಗೆ ಹಾಕಿ."

"ಮತ್ತೆ ಮನೆ?"

ನಾಗಿ ಹ್ಯಾಂಡಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಜಟ್ಟು ಮನೆಯ ಕಡೆ ತಿರುಗಿ ಹೋದ. ಭಾಸ್ಕರ ಸಿಟ್ಟು ತಡೆಯಲಾರದೆ ಹ್ಯಾಂಡಲಿಗೆ ಕೈ ಹಾಕಿದ. ನಾನು ನಡುವೆ ಹೋಗಿ ಅವನ ಕೈ ಹಿಡಿದುಕೊಂಡೆ.

"ನೀ ಇಲ್ಲಿ ಜಗಳಾಡ್ಬೇಡ" ಎಂದಳು ನಾಗಿ. "ಅವ್ರು ಸಾಮಾನು ತೆಗಿಯೂಕೆ ಒಳಗೆ ಹೋಗಿರ್ತಾರೆ. ಹೊರಗೆ ಎಳ್ಕೊಂಡು ಬಾ. ಓಡು."

ಅವನು ಓಡಿದ. ನಾವಿಬ್ಬರೇ ಉಳಿದೆವು. ಅವಳು ಮನೆಯ ಕಡೆಗೆ ಬೆನ್ನು ಹಾಕಿಯೇ ಕೂತಳು. ನೋಡಿದರೆ ಎದ್ದುಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಒಂದೂಕಾಲಿಗೆ ಅಡಿಯ ನೀರಿನಲ್ಲಿ ಉಪ್ಪು ಕಡಿಮೆಯಾಯಿತು. ಒಂದೂವರೆಗೆ ಬಾಟಲಿಯ ನೀರನ್ನು ಅವಳೇ ಕುಡಿದು ನೋಡಿದಳು, ಇನ್ನೊಮ್ಮೆ ಇಳಿಸಿದಳು, ಇನ್ನೊಮ್ಮೆ ಕುಡಿದಳು. ಹೊರಗಿನ ನೀರು ಒಂದು ಮೊಳ ಇಳಿದಿತ್ತು.

"ಹಿಡೀರಿ" ಎಂದಳು.

ಇಬ್ಬರೂ ಸೇರಿ ತಿರುಗಿಸಿದೆವು. ಬಾಗಿಲು ಕಿರುಗುಟ್ಟಿ ಎದ್ದು, ಗಜನಿಯ ನೀರು ಹೊಳೆಗೆ ಧುಮುಕಿತು. ನಾಲ್ಕನೇ ಸುತ್ತಿಗೆ ಹಿಂದೆ ಮನೆಯ ಕಡೆಯಿಂದ ಧಡ್ ಎಂದು ಸದ್ದಾಯಿತು.

ಅವಳು ಹ್ಯಾಂಡಲ್ ಬಿಡಲಿಲ್ಲ, ತಿರುಗಲೂ ಇಲ್ಲ.

"ಅಕ್ಕೋರೆ, ಇಬ್ರೂ ಕಾಣ್ತಾರಾ?"

ಅಂಗಳದ ಕಡೆ ಕಣ್ಣು ಹಾಯಿಸಿದೆ. ಮಳೆಯಲ್ಲಿ ಏನೂ ಸರಿಯಾಗಿ ಕಾಣಿಸಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ತೆಂಗಿನ ಮರದ ಬುಡದಲ್ಲಿ ಭಾಸ್ಕರ ಜಟ್ಟುವಿನ ರಟ್ಟೆ ಹಿಡಿದು ನಿಂತಿದ್ದ.

"ಇಬ್ರೂ ಇದಾರೆ."

ಅವಳು ಐದನೇ ಸುತ್ತು ತಿರುಗಿಸಿದಳು.

ಮೂರು ಗಂಟೆಯ ಹೊತ್ತಿಗೆ ಮೊಳಕೆಯ ತುದಿಗಳು ನೀರಿನ ಮೇಲೆ ಬಂದವು, ಹಸಿರಾಗಿಯೇ. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಗಜನಿಯ ನೀರು ಬಣ್ಣ ಬದಲಿಸಿತು. ನಾಗಿಯ ಮನೆಯ ಕಡೆಯಿಂದ ಕಪ್ಪು ಕೆಸರು ಗೆರೆಯಾಗಿ ಇಳಿದು ಗೇಟಿನತ್ತ ಬರುತ್ತಿತ್ತು. ಅದೇನೆಂದು ನನಗೆ ಹೊಳೆಯುವ ಮುಂಚೆ ಅವಳಿಗೆ ತಿಳಿದಿತ್ತು.

"ಬಾಗ್ಲು ಸ್ವಲ್ಪ ಇಳ್ಸಿ ಅಕ್ಕೋರೆ. ನೀರು ನಿಧಾನ ಹೋಗ್ಲಿ. ಮಣ್ಣು ಗದ್ದೇಲೆ ಕೂರ್ಲಿ."

ಇಳಿಸಿದೆವು. ಕೆಸರು ಗೇಟಿನ ಹತ್ತಿರ ಬಂದು ಹರಡಿ, ಮೊಳಕೆಗಳ ನಡುವೆ ನಿಂತಿತು.

"ಮದ್ವೆ ಆದ ವರ್ಷ ಗೋಡೆ ಕಟ್ಟೂಕೆ ನಾನೂ ಅವ್ರೂ ಈ ಗಜನೀಲೇ ಅಗೆದು ಬುಟ್ಟೀಲಿ ಹೊತ್ತ ಮಣ್ಣು" ಎಂದಳು. "ಹೊಳೆಗೆ ಯಾಕೆ ಹೋಗ್ಬೇಕು?"

ಆಮೇಲೆ ಹ್ಯಾಂಡಲನ್ನು ನನ್ನ ಕೈಗಿತ್ತು, ಮೊದಲ ಸಲ ಮನೆಯ ಕಡೆ ತಿರುಗಿ, ಅತ್ತಳು.